ಮೀಲ್ ಕಿಟ್‌ನಿಂದ ಮನೆಯ ಊಟದ ಖರ್ಚು ಇಳಿಯಿತೇ? ಒಂದು ಕುಟುಂಬದ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ಕುಟುಂಬದಲ್ಲಿ ನಾಲ್ವರಿದ್ದಾರೆ: ಪೂರ್ಣಾವಧಿ ಉದ್ಯೋಗದಲ್ಲಿರುವ ಗಂಡ ಹೆಂಡತಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮನೆಖರ್ಚಿನ ಬಗ್ಗೆ ಸಲಹೆ ಕೇಳಿಕೊಂಡು ನನ್ನ ಬಳಿಗೆ ಬಂದಾಗ ಅವರಿಗೆ ಸಾಲದ ತೊಂದರೆಯೇನೂ ಇರಲಿಲ್ಲ. ಸಂಬಳ ಏರಿದರೂ ಉಳಿತಾಯ ಏಕೆ ಏರುತ್ತಿಲ್ಲ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು. ಅವರ ಒಪ್ಪಿಗೆ ಪಡೆದು ಈ ಬರಹವನ್ನು ಸಿದ್ಧಪಡಿಸಿದ್ದೇನೆ. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹಣದ ಮೊತ್ತಗಳನ್ನು ಪೂರ್ತಿ ಕೈಬಿಟ್ಟು, ಆರಂಭದ ತಿಂಗಳುಗಳ ಸರಾಸರಿ ಆಹಾರ ವೆಚ್ಚವನ್ನು 100 ಎಂದು ಇಟ್ಟುಕೊಂಡು ಉಳಿದೆಲ್ಲವನ್ನೂ ಅದರ ಅಳತೆಯಲ್ಲೇ ಹೇಳಿದ್ದೇನೆ.

ಆ 100ರಲ್ಲಿ 60 ಭಾಗ ದಿನಸಿ, ತರಕಾರಿ, ಹಾಲು ಮುಂತಾದ ಮನೆಯ ಖರೀದಿಗೆ ಹೋಗುತ್ತಿತ್ತು. 32 ಭಾಗ ಆ್ಯಪ್ ಮೂಲಕ ತರಿಸಿಕೊಳ್ಳುವ ರಾತ್ರಿಯೂಟಕ್ಕೆ, ಉಳಿದ 8 ಭಾಗ ಕೆಲಸದ ಜಾಗದ ಕ್ಯಾಂಟೀನಿಗೆ. ತಿಂಗಳಿಗೆ ಸುಮಾರು ಹತ್ತು ರಾತ್ರಿ ಹೊರಗಿನಿಂದ ಊಟ ಬರುತ್ತಿತ್ತು. ಅಂದರೆ ಒಂದು ರಾತ್ರಿಗೆ ನಾಲ್ವರಿಗೂ ಸೇರಿ 3.2 ಭಾಗ. ಅದೇ ರಾತ್ರಿ ಮನೆಯಲ್ಲಿ ಅಡುಗೆ ಮಾಡಿದ್ದರೆ ತಗಲುತ್ತಿದ್ದ ವೆಚ್ಚ ಸುಮಾರು 1.2 ಭಾಗ. ಈ ಎರಡು ಅಂಕಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಎಲ್ಲ ಲೆಕ್ಕವೂ ಇವುಗಳ ನಡುವಿನ ಅಂತರದಲ್ಲೇ ನಡೆಯುತ್ತದೆ.

ಮೀಲ್ ಕಿಟ್ ಎಂದರೆ ಒಂದೊಂದು ಊಟಕ್ಕೆ ಬೇಕಾದ ಸಾಮಗ್ರಿಯನ್ನು ಅಳೆದು, ಮಾಡುವ ವಿಧಾನದ ಚೀಟಿಯನ್ನೂ ಜೊತೆಗಿಟ್ಟು, ವಾರದ ಚಂದಾ ಲೆಕ್ಕದಲ್ಲಿ ಮನೆಗೆ ತಲುಪಿಸುವ ವ್ಯವಸ್ಥೆ. 2007ರ ಸುಮಾರಿಗೆ ಸ್ವೀಡನ್‌ನಲ್ಲಿ ಆರಂಭವಾದ ಈ ವ್ಯಾಪಾರವು 2011ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಹಲೋಫ್ರೆಶ್, 2012ರಲ್ಲಿ ಅಮೆರಿಕದಲ್ಲಿ ಆರಂಭವಾದ ಬ್ಲೂ ಏಪ್ರನ್ ಮುಂತಾದ ಕಂಪನಿಗಳಿಂದ ಹಲವು ದೇಶಗಳಿಗೆ ಹರಡಿತು. ಈ ಕುಟುಂಬ ಯಾವ ಸೇವೆಯನ್ನು ಬಳಸಿತು ಎಂಬುದು ಇಲ್ಲಿ ಮುಖ್ಯವಲ್ಲ. ಅವುಗಳ ವ್ಯವಹಾರದ ಚೌಕಟ್ಟು ಬಹುಮಟ್ಟಿಗೆ ಒಂದೇ ಆಗಿರುತ್ತದೆ.

ಸಮಸ್ಯೆ

ಮನೆಯಾಕೆಗೆ ಕಿಟ್‌ನ ಯೋಚನೆ ಬಂದದ್ದು ವ್ಯರ್ಥವಾಗುವ ಆಹಾರದ ಕಾರಣದಿಂದ. ವಾರದ ಕೊನೆಗೆ ಫ್ರಿಜ್ಜಿನ ತಳದಲ್ಲಿ ಬಾಡಿದ ಸೊಪ್ಪು, ಅರ್ಧ ಬಳಸಿ ಮರೆತ ಡಬ್ಬಿ, ಮೆತ್ತಗಾದ ತರಕಾರಿ ಸಿಗುವುದು ಅಲ್ಲಿ ಮಾಮೂಲಾಗಿತ್ತು. ಈ ವಿಷಯದಲ್ಲಿ ಅವರೇನೂ ಒಂಟಿಯಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಅಂಗಡಿ, ಹೋಟೆಲು ಮತ್ತು ಮನೆಗಳಲ್ಲಿ ಸೇರಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಸುಮಾರು ಶೇ 60ರಷ್ಟು ಮನೆಗಳ ಪಾಲು. ತಲಾ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 79 ಕೆ.ಜಿ. ಇದರ ಜೊತೆಗೆ ಆಕೆ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಸುದ್ದಿಯನ್ನೂ ಓದಿದ್ದರು. ಒಂದೇ ಊಟವನ್ನು ಕಿಟ್‌ನಿಂದಲೂ ಅಂಗಡಿಯ ಸಾಮಗ್ರಿಯಿಂದಲೂ ಮಾಡಿದಾಗ, ಪ್ಯಾಕಿಂಗ್ ಹೆಚ್ಚಿದ್ದರೂ ಕಿಟ್‌ನ ಊಟಕ್ಕಿಂತ ಅಂಗಡಿಯ ಊಟದ ಹಸಿರುಮನೆ ಅನಿಲದ ಹೊರಸೂಸುವಿಕೆ ಸರಾಸರಿ ಮೂರನೇ ಒಂದು ಭಾಗದಷ್ಟು ಹೆಚ್ಚು ಎಂದು ಅದು ಕಂಡುಕೊಂಡಿತ್ತು. ಅದಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲಿ ಕಿಟ್‌ನಲ್ಲಿ ಆಹಾರ ಕಡಿಮೆ ವ್ಯರ್ಥವಾಗುವುದೂ ಒಂದು.

ವ್ಯರ್ಥ ಕಡಿಮೆಯಾದರೆ ಖರ್ಚೂ ಕಡಿಮೆಯಾಗಲೇಬೇಕು ಎಂದು ಅವರು ತರ್ಕಿಸಿದರು. ಕೇಳಲು ಸರಿಯೆನಿಸುವ ಈ ತರ್ಕದಲ್ಲಿ ಒಂದು ಜಿಗಿತವಿದೆ. ಆ ಅಧ್ಯಯನ ಒಂದು ಊಟವನ್ನು ಅದೇ ಊಟದ ಜೊತೆ ಹೋಲಿಸುತ್ತದೆಯೇ ಹೊರತು, ಕಿಟ್ ಬಂದ ಮನೆಯ ಫ್ರಿಜ್ಜಿನಲ್ಲಿ ಉಳಿದ ಸಾಮಗ್ರಿಯ ಗತಿ ಏನಾಯಿತು ಎಂದು ನೋಡುವುದಿಲ್ಲ. ಅದು ಅದರ ಕೆಲಸವೂ ಅಲ್ಲ. ಮನೆಯ ಜೇಬಿನ ಲೆಕ್ಕಕ್ಕಾದರೋ ಫ್ರಿಜ್ಜಿನ ಉಳಿದ ಭಾಗವೇ ಮುಖ್ಯ.

ಮೊದಲ ಪ್ರಯತ್ನ

ಹೊಸ ಗ್ರಾಹಕರಿಗೆ ಕೊಡುವ ರಿಯಾಯಿತಿಯಲ್ಲಿ ವಾರಕ್ಕೆ ಮೂರು ಊಟಗಳ ಪೆಟ್ಟಿಗೆಯನ್ನು ಅವರು ಆಯ್ದುಕೊಂಡರು. ರಿಯಾಯಿತಿಯ ದರದಲ್ಲಿ ಒಂದು ಊಟಕ್ಕೆ ತಗಲಿದ್ದು 1.2 ಭಾಗ, ಅಂದರೆ ಮನೆಯ ಅಡುಗೆಯಷ್ಟೇ. ಮಕ್ಕಳಿಗೆ ಹೊಸ ರುಚಿಗಳು ಹಿಡಿಸಿದವು. ಚೀಟಿ ನೋಡಿಕೊಂಡು ಗಂಡನೂ ಅಡುಗೆಗೆ ನಿಲ್ಲತೊಡಗಿದರು. ತಿಂಗಳ ಕೊನೆಗೆ ಇಬ್ಬರಿಗೂ ಉಳಿತಾಯ ಶುರುವಾಗಿದೆ ಎಂಬ ಭರವಸೆ ಬಂದಿತ್ತು.

ಬಿಲ್ಲುಗಳನ್ನು ಕೂಡಿಸಿದಾಗ ಬಂದ ಮೊತ್ತ 99. ಅರ್ಧಕ್ಕೆ ಹತ್ತಿರದ ರಿಯಾಯಿತಿ ಸಿಕ್ಕಿದ ತಿಂಗಳಲ್ಲೇ ಉಳಿದದ್ದು ಒಂದೇ ಭಾಗ ಎಂಬುದು ಎಚ್ಚರಿಕೆಯ ಗಂಟೆಯಾಗಬೇಕಿತ್ತು. ಆದರೆ ಮೊತ್ತ ಏರಿಲ್ಲವೆಂಬ ಸಮಾಧಾನದಲ್ಲಿ ಅದನ್ನು ಯಾರೂ ಹೆಚ್ಚು ಕೆದಕಲಿಲ್ಲ. ಮುಂದಿನ ತಿಂಗಳು ರಿಯಾಯಿತಿ ಮುಗಿದು, ತಲುಪಿಸುವ ಶುಲ್ಕವೂ ಸೇರಿ ಒಂದು ಊಟ 2.2 ಭಾಗಕ್ಕೆ ಬಂತು. ಆ ತಿಂಗಳ ಒಟ್ಟು ಮೊತ್ತ 111. ಖರ್ಚು ಇಳಿಸಲೆಂದು ತಂದ ಉಪಾಯ ಅದನ್ನು ಶೇ 11ರಷ್ಟು ಏರಿಸಿತ್ತು.

ಚಂದಾ ನಿಲ್ಲಿಸಿಬಿಡೋಣ ಎಂಬುದು ಗಂಡನ ಅಭಿಪ್ರಾಯವಾಗಿತ್ತು. ಆ ನಿರ್ಧಾರ ತಪ್ಪೇನೂ ಆಗುತ್ತಿರಲಿಲ್ಲ. ಬಹಳಷ್ಟು ಮನೆಗಳಿಗೆ ಅದೇ ಸರಿಯಾದದ್ದು. ಆದರೆ ಹಾಗೆ ನಿಲ್ಲಿಸಿದ್ದರೆ ಅವರು ಹಳೆಯ 100ಕ್ಕೆ ಮರಳುತ್ತಿದ್ದರು, ಆ 100ರೊಳಗೆ ಏನಿದೆ ಎಂಬುದು ಗೊತ್ತಾಗದೆಯೇ ಉಳಿಯುತ್ತಿತ್ತು. ಹಾಗಾಗಿ ನಿಲ್ಲಿಸುವ ಮೊದಲು ಒಂದು ಕೆಲಸ ಮಾಡಲು ಸೂಚಿಸಿದೆ: ಕಿಟ್‌ನ ಊಟ ಮಾಡಿದ ಪ್ರತಿ ರಾತ್ರಿಯ ಎದುರಿಗೆ, ಕಿಟ್ ಇಲ್ಲದಿದ್ದರೆ ಆ ರಾತ್ರಿ ಏನು ಉಣ್ಣುತ್ತಿದ್ದಿರಿ ಎಂದು ಪ್ರಾಮಾಣಿಕವಾಗಿ ಬರೆಯಿರಿ.

ಲೆಕ್ಕ ತಿರುಗಿದ ಜಾಗ

ಆ ಪಟ್ಟಿ ಒಂದೇ ಪುಟದ್ದು, ಆದರೆ ಪ್ರಕರಣದ ದಿಕ್ಕು ಬದಲಾದದ್ದು ಅಲ್ಲಿಯೇ. ತಿಂಗಳ ಹನ್ನೆರಡು ಕಿಟ್ ಊಟಗಳಲ್ಲಿ ನಾಲ್ಕು ಮಾತ್ರ ಹೊರಗಿನ ಊಟದ ಜಾಗದಲ್ಲಿ ಬಂದಿದ್ದವು. ಉಳಿದ ಎಂಟು, ಹೇಗಿದ್ದರೂ ಮನೆಯಲ್ಲೇ ಅಡುಗೆ ಆಗುತ್ತಿದ್ದ ರಾತ್ರಿಗಳಿಗೆ ಬಂದಿದ್ದವು. ಪೂರ್ಣ ದರದ ಕಿಟ್ ಹೊರಗಿನ ಊಟವನ್ನು ತಪ್ಪಿಸಿದಾಗ ಒಂದು ಭಾಗ ಉಳಿಯುತ್ತದೆ. ಮನೆಯ ಅಡುಗೆಯನ್ನು ತಪ್ಪಿಸಿದಾಗ ಒಂದು ಭಾಗ ಕಳೆಯುತ್ತದೆ. ನಾಲ್ಕು ಉಳಿದು ಎಂಟು ಕಳೆದರೆ ಒಟ್ಟು ನಷ್ಟ ನಾಲ್ಕು. ಈ ಮನೆಯ ಮಟ್ಟಿಗೆ ಕಿಟ್ ಊಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನ ಊಟದ ಬದಲಿಗೆ ಬಂದರೆ ಮಾತ್ರ ಲಾಭ ಎಂಬ ಸರಳ ಗೆರೆ ಇದರಿಂದ ಸಿಕ್ಕಿತು. ಕಿಟ್ ಅಗ್ಗವೋ ದುಬಾರಿಯೋ ಎಂದು ಬಿಡಿಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಅದು ಯಾವುದರ ಬದಲಿಗೆ ಬಂತು ಎಂದು ಕೇಳಿದರೆ ತಕ್ಷಣ ಸಿಗುತ್ತದೆ.

ಆದರೆ ಈ ಲೆಕ್ಕದಂತೆ ಮೊತ್ತ 104 ಆಗಬೇಕಿತ್ತು, ಆದದ್ದು 111. ಉಳಿದ ಏಳು ಭಾಗ ಎಲ್ಲಿ ಹೋಯಿತು? ಇದಕ್ಕೆ ಉತ್ತರ ದಿನಸಿಯ ಬಿಲ್ಲಿನಲ್ಲಿತ್ತು. ಎಂಟು ರಾತ್ರಿಯ ಮನೆಯಡುಗೆ ತಪ್ಪಿದ ಮೇಲೆ ಖರೀದಿ 60ರಿಂದ 50ರ ಆಸುಪಾಸಿಗೆ ಇಳಿಯಬೇಕಿತ್ತು, ಇಳಿದದ್ದು 58ಕ್ಕೆ. ವಾರದ ಖರೀದಿಯ ಪಟ್ಟಿ ವರ್ಷಗಳಿಂದ ರೂಢಿಯಾಗಿ ಬಂದದ್ದು, ಕಿಟ್ ಬಂದ ಮೇಲೂ ಅದರಲ್ಲಿ ಏನೂ ಬದಲಾಗಿರಲಿಲ್ಲ. ಮೂರು ರಾತ್ರಿಯ ತರಕಾರಿ ಪೆಟ್ಟಿಗೆಯಲ್ಲಿ ಬರುತ್ತಿದ್ದಾಗ ಅಷ್ಟೇ ತರಕಾರಿ ಅಂಗಡಿಯಿಂದಲೂ ಬರುತ್ತಿತ್ತು. ವ್ಯರ್ಥವನ್ನು ತಪ್ಪಿಸಲು ತಂದ ಪೆಟ್ಟಿಗೆಯ ಒಳಗೆ ಏನೂ ವ್ಯರ್ಥವಾಗಲಿಲ್ಲ ನಿಜ, ಆದರೆ ಅದರ ಪಕ್ಕದ ಖಾನೆಯಲ್ಲಿ ಮೊದಲಿಗಿಂತ ಹೆಚ್ಚು ಕೊಳೆಯಿತು.

ಮೂರನೆಯ ಸಂಗತಿ ಇನ್ನೂ ಸೂಕ್ಷ್ಮ. ಫ್ರಿಜ್ಜಿನಲ್ಲಿ ಕಿಟ್ ಇದ್ದೂ ಹೊರಗಿನಿಂದ ಊಟ ತರಿಸಿದ ರಾತ್ರಿಗಳೂ ಇದ್ದವು. ಅರ್ಧ ಗಂಟೆಯ ಅಡುಗೆ ಎಂದು ಚೀಟಿಯಲ್ಲಿ ಬರೆದಿದ್ದರೂ, ತೊಳೆದು ಹೆಚ್ಚುವ ಕೆಲಸ ಸೇರಿ ಅದು ಮುಕ್ಕಾಲು ಗಂಟೆ ದಾಟುತ್ತಿತ್ತು. ಗಂಡ ಹೆಂಡತಿ ಇಬ್ಬರೂ ತಡವಾಗಿ ಬರುವುದು ವಾರದಲ್ಲಿ ಎರಡು ದಿನ. ಆ ಎರಡು ದಿನಗಳೇ ಹೊರಗಿನ ಊಟದ ದಿನಗಳೂ ಆಗಿದ್ದವು. ಪೆಟ್ಟಿಗೆ ಬರುತ್ತಿದ್ದುದು ವಾರದ ಆರಂಭದಲ್ಲಿ. ಹೊಸದರ ಉತ್ಸಾಹದಲ್ಲಿ ಬಿಡುವಿದ್ದ ಸಂಜೆಗಳಲ್ಲೇ ಕಿಟ್‌ಗಳು ಖಾಲಿಯಾಗಿ, ದಣಿದ ಸಂಜೆಗೆ ಉಳಿಯುತ್ತಿದ್ದುದು ಎಲ್ಲಕ್ಕಿಂತ ಹೆಚ್ಚು ಕೆಲಸ ಬೇಡುವ ಕಿಟ್.

ಎರಡನೆಯ ಪ್ರಯತ್ನ

ಚಂದಾವನ್ನು ಮುಂದುವರಿಸಿ, ಅದರ ಸುತ್ತಲಿನ ವ್ಯವಸ್ಥೆಯನ್ನು ಬದಲಿಸಲು ಅವರು ನಿರ್ಧರಿಸಿದರು. ಮೂರು ಊಟಗಳು ಎರಡಾದವು. ಆ ಎರಡೂ ತಡವಾಗಿ ಬರುವ ದಿನಗಳಿಗೆ ಮೀಸಲಾದವು, ಬೇರೆ ದಿನ ಅವುಗಳನ್ನು ಮುಟ್ಟಬಾರದು ಎಂದು ಮಕ್ಕಳಿಗೂ ಹೇಳಿದ್ದಾಯಿತು. ಆಯ್ಕೆ ಮಾಡುವಾಗ ರುಚಿಗಿಂತ ಮೊದಲು ಹೆಚ್ಚುವ ಕೆಲಸ ಎಷ್ಟಿದೆ ಎಂದು ನೋಡಲಾಯಿತು. ಅಂಗಡಿಗೆ ಹೋಗುವ ದಿನವನ್ನು ಪೆಟ್ಟಿಗೆ ಬಂದ ಮರುದಿನಕ್ಕೆ ಸರಿಸಲಾಯಿತು. ಪೆಟ್ಟಿಗೆ ತೆರೆದು, ಫ್ರಿಜ್ಜನ್ನೂ ನೋಡಿದ ಮೇಲಷ್ಟೇ ಪಟ್ಟಿ ಬರೆಯುವುದು ನಿಯಮವಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ಅಗ್ಗದ ಮತ್ತು ಅತಿ ಫಲಕಾರಿ ಬದಲಾವಣೆ ಇದೇ.

ಇದರಲ್ಲಿ ಒಂದು ತೊಡಕೂ ಇತ್ತು. ತಲುಪಿಸುವ ಶುಲ್ಕ ಪೆಟ್ಟಿಗೆಗೆ ಇಷ್ಟು ಎಂದು ನಿಗದಿಯಾಗಿರುವುದರಿಂದ, ಊಟಗಳ ಸಂಖ್ಯೆ ಇಳಿದಂತೆ ಒಂದೊಂದು ಊಟದ ದರ ಏರಿ 2.4 ಭಾಗವಾಯಿತು. ಸಂಖ್ಯೆ ಹೆಚ್ಚಿಸಿದರೆ ದರ ಇಳಿಯುತ್ತದೆ ಎಂದು ಆ್ಯಪ್ ಪ್ರತಿ ವಾರ ನೆನಪಿಸುತ್ತಿತ್ತು. ಆದರೆ ಮೂರನೆಯ ಊಟ ಮನೆಯಡುಗೆಯ ಬದಲಿಗೇ ಬರುವುದಾದರೆ ದರ ಇಳಿದೂ ನಷ್ಟವೇ. ಈ ಆಮಿಷವನ್ನು ಅವರು ಮೀರಿದ್ದು ಆ ಒಂದು ಪುಟದ ಪಟ್ಟಿ ಕಣ್ಣ ಮುಂದಿದ್ದುದರಿಂದ.

ಇನ್ನೊಂದು ತೊಡಕು ಚಂದಾದ ಸ್ವರೂಪದ್ದು. ವಾರವೊಂದನ್ನು ಬಿಡಬೇಕಾದರೆ ಕೆಲವು ದಿನ ಮೊದಲೇ ಆ್ಯಪ್‌ನಲ್ಲಿ ತಿಳಿಸಬೇಕು. ಸುಮ್ಮನಿದ್ದರೆ ಪೆಟ್ಟಿಗೆ ಬಂದೇ ಬರುತ್ತದೆ, ಹಣವೂ ಕಡಿತವಾಗುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಗಡುವು ಮೀರಿ, ಒಂದು ಪೆಟ್ಟಿಗೆ ಬಾಗಿಲಲ್ಲೇ ಉಳಿಯಿತು. ಕೆಡುವಂಥ ಆಹಾರವನ್ನು ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ಇಡಬೇಕು. ಐಸ್ ಪ್ಯಾಕ್ ಕರಗಿ ಗಂಟೆಗಟ್ಟಲೆ ಬಿಸಿಲಿಗೆ ಬಿದ್ದದ್ದನ್ನು ಉಪಯೋಗಿಸುವಂತಿಲ್ಲವಾದ್ದರಿಂದ ಅದನ್ನು ಪೂರ್ತಿ ಎಸೆಯಬೇಕಾಯಿತು. ಅಲ್ಲಿಂದ ಮುಂದೆ ಗಡುವಿನ ಹಿಂದಿನ ದಿನಕ್ಕೆ ಇಬ್ಬರ ಫೋನಿನಲ್ಲೂ ಅಲಾರಂ ಇಟ್ಟರು. ಆ ವಾರದ ನಷ್ಟವನ್ನು ಕೆಳಗಿನ ಸರಾಸರಿಯಿಂದ ಹೊರಗಿಟ್ಟಿದ್ದೇನೆ. ಒಳಗೆ ಸೇರಿಸಿದರೆ ಚಿತ್ರ ಇಷ್ಟು ಚೆಂದ ಕಾಣುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಈ ವ್ಯವಸ್ಥೆ ನೆಲೆಗೊಂಡ ಮೇಲೆ ತಿಂಗಳ ಎಂಟು ಕಿಟ್‌ಗಳಲ್ಲಿ ಏಳು ಹೊರಗಿನ ಊಟದ ಜಾಗದಲ್ಲೇ ಬಂದವು. ಹೊರಗಿನ ಊಟ ಹತ್ತರಿಂದ ಮೂರಕ್ಕೆ ಇಳಿಯಿತು. ದಿನಸಿಯ ಬಿಲ್ಲು 55ಕ್ಕೆ ಬಂತು, ಕಿಟ್‌ಗೆ ಸುಮಾರು 19 ಭಾಗ, ಹೊರಗಿನ ಊಟಕ್ಕೆ 10ರ ಹತ್ತಿರ, ಕ್ಯಾಂಟೀನಿಗೆ ಅದೇ 8, ಒಟ್ಟು 92. ಉಳಿದ ಎಂಟು ಭಾಗವನ್ನು ಬಿಡಿಸಿ ನೋಡಿದರೆ ಸುಮಾರು ಅರ್ಧ ಮಾತ್ರ ಕಿಟ್‌ನ ಕೊಡುಗೆ. ಇನ್ನರ್ಧ, ಫ್ರಿಜ್ಜು ನೋಡಿ ಪಟ್ಟಿ ಬರೆಯುವ ಅಭ್ಯಾಸದ್ದು. ಅದಕ್ಕೆ ಯಾವ ಚಂದಾವೂ ಬೇಕಿರಲಿಲ್ಲ.

ಮೂರನೆಯ ಹಂತ

ಇಲ್ಲಿಗೆ ನಿಂತಿದ್ದರೂ ಪ್ರಕರಣ ಯಶಸ್ವಿಯೆನಿಸುತ್ತಿತ್ತು. ಮುಂದಿನ ಹೆಜ್ಜೆ ನನ್ನ ಸಲಹೆಯಲ್ಲ, ಮನೆಯಾಕೆಯದೇ. ಕಿಟ್ ಇದ್ದ ದಿನ ದಣಿವು ಕಡಿಮೆಯೇನೂ ಆಗಿರುವುದಿಲ್ಲ, ಅಡುಗೆಯ ಹೊತ್ತೂ ಅಷ್ಟೇ ಹಿಡಿಯುತ್ತದೆ, ಆದರೂ ಆ್ಯಪ್ ತೆರೆಯುವ ಮನಸ್ಸಾಗುವುದಿಲ್ಲ ಎಂಬುದನ್ನು ಅವರು ಗಮನಿಸಿದರು. ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಎದುರಾಗುವ "ಇವತ್ತು ಏನು ಮಾಡೋದು?" ಎಂಬ ಪ್ರಶ್ನೆಯೇ ಅವರನ್ನು ಹೊರಗಿನ ಊಟಕ್ಕೆ ತಳ್ಳುತ್ತಿತ್ತು, ಕಿಟ್ ಇದ್ದ ದಿನ ಆ ಪ್ರಶ್ನೆ ಹಿಂದಿನ ವಾರವೇ ತೀರ್ಮಾನವಾಗಿರುತ್ತಿತ್ತು. ಅಂದರೆ ಮನೆಯಡುಗೆಯ ದರಕ್ಕಿಂತ ಹೆಚ್ಚಾಗಿ ತೆತ್ತ 1.2 ಭಾಗದಲ್ಲಿ ದೊಡ್ಡ ಪಾಲು, ಯಾರೋ ಮುಂಚಿತವಾಗಿ ಮಾಡಿಕೊಟ್ಟ ಆ ತೀರ್ಮಾನಕ್ಕೆ ಕೊಟ್ಟ ಬೆಲೆ.

ತೀರ್ಮಾನವನ್ನು ತಾವೇ ಮಾಡಬಹುದಲ್ಲ ಎಂದುಕೊಂಡು ಅವರು ಉಳಿಸಿಟ್ಟಿದ್ದ ಚೀಟಿಗಳನ್ನು ಹರಡಿಕೊಂಡರು. ಮನೆಯವರೆಲ್ಲ ಮೆಚ್ಚಿದ, ಸಾಮಾನ್ಯ ಅಂಗಡಿಯಲ್ಲಿ ಸಿಗುವ ಸಾಮಗ್ರಿಯಿಂದಲೇ ಆಗುವ ಕೆಲವು ಊಟಗಳನ್ನು ಆರಿಸಿ, ರಜಾದಿನ ಅವುಗಳ ತರಕಾರಿಯನ್ನು ಹೆಚ್ಚಿ, ಅಳೆದು, ಒಂದೊಂದು ಊಟಕ್ಕೆ ಒಂದೊಂದು ಡಬ್ಬಿಯಂತೆ ತುಂಬಿ, ಮೇಲೆ ದಿನದ ಹೆಸರು ಬರೆದು ಫ್ರಿಜ್ಜಿನಲ್ಲಿಟ್ಟರು. ಚೀಟಿಯಲ್ಲಿ ನಾಲ್ವರಿಗೆಂದು ಬರೆದ ಅಳತೆ ಈ ಮನೆಗೆ ಸ್ವಲ್ಪ ಹೆಚ್ಚಾಗುತ್ತದೆ ಎಂಬುದು ಅಷ್ಟರಲ್ಲಿ ಗೊತ್ತಾಗಿದ್ದರಿಂದ ಅದನ್ನೂ ತಿದ್ದಿಕೊಂಡರು. ಕಿಟ್ ವಾರ ಬಿಟ್ಟು ವಾರ ಬರುವಂತಾಯಿತು, ನಡುವಿನ ವಾರಗಳಿಗೆ ಮನೆಯ ಡಬ್ಬಿಗಳು. ಹೊರಗಿನ ಊಟ ಮೂರಕ್ಕೇ ನಿಂತು, ಒಟ್ಟು ಮೊತ್ತ 87ಕ್ಕೆ ಇಳಿಯಿತು.

ಇದಾದ ಮೇಲೆ ಚಂದಾವನ್ನು ಪೂರ್ತಿ ನಿಲ್ಲಿಸಿದ ತಿಂಗಳ ಫಲಿತಾಂಶ ನನಗೆ ಎಲ್ಲಕ್ಕಿಂತ ಕುತೂಹಲಕರವಾಗಿ ಕಂಡಿತು. ದಿನಸಿ 62ಕ್ಕೆ ಏರಿತು, ಕಿಟ್‌ನ ಖರ್ಚು ಸೊನ್ನೆಯಾಯಿತು, ಆದರೆ ಹೊರಗಿನ ಊಟ ಮೂರರಿಂದ ಐದಕ್ಕೆ ಮರಳಿತು. ಒಟ್ಟು 86. ಕಿಟ್ ಇದ್ದಾಗಿನ 87ಕ್ಕೂ ಇಲ್ಲದಾಗಿನ 86ಕ್ಕೂ ವ್ಯತ್ಯಾಸ ಗಣನೆಗೆ ಬಾರದಷ್ಟು. ರಜಾದಿನ ಡಬ್ಬಿ ತುಂಬಲು ಆಗದ ವಾರಗಳಲ್ಲೇ ಆ ಎರಡು ಹೆಚ್ಚುವರಿ ಊಟಗಳು ಬಂದಿದ್ದವು. ಹಣದ ದೃಷ್ಟಿಯಿಂದ ಕಿಟ್ ಈಗ ಬೇಕೇಬೇಕು ಎನ್ನುವಂತಿಲ್ಲ. ಅದನ್ನು ಕೈಬಿಟ್ಟರೆ ರಜಾದಿನದ ಎರಡು ಗಂಟೆ ಕೊಡಬೇಕು, ಇಟ್ಟುಕೊಂಡರೆ ಆ ಎರಡು ಗಂಟೆಯ ಬೆಲೆ ತೆರಬೇಕು.

ಈ ಪ್ರಕರಣದಿಂದ ತೆಗೆದುಕೊಳ್ಳಬಹುದಾದದ್ದು

ಇಂಥದ್ದೇ ಪ್ರಯತ್ನಕ್ಕೆ ಕೈಹಾಕುವವರು ರಿಯಾಯಿತಿಯ ವಾರಗಳ ಲೆಕ್ಕವನ್ನು ಪಕ್ಕಕ್ಕಿಟ್ಟು, ಪೂರ್ಣ ದರದ ಮೊದಲ ತಿಂಗಳಿಂದಲೇ ಎಣಿಸತೊಡಗುವುದು ಒಳ್ಳೆಯದು. ಎಣಿಸುವಾಗಲೂ ಕಿಟ್‌ನ ಬಿಲ್ಲನ್ನು ಒಂಟಿಯಾಗಿ ನೋಡದೆ ಆಹಾರದ ಒಟ್ಟು ಮೊತ್ತವನ್ನೇ ನೋಡಬೇಕು, ಏಕೆಂದರೆ ಈ ಮನೆಯಲ್ಲಿ ನಷ್ಟ ಅಡಗಿದ್ದದ್ದು ಯಾರೂ ಅನುಮಾನಿಸದ ದಿನಸಿಯ ಬಿಲ್ಲಿನಲ್ಲಿ. ಹೊರಗಿನಿಂದ ಅಪರೂಪಕ್ಕೆ ಮಾತ್ರ ಊಟ ತರಿಸುವ ಮನೆಗೆ, ಬಾಕಿ ಎಲ್ಲ ಅನುಕೂಲಗಳಿದ್ದರೂ, ಕಿಟ್‌ನಿಂದ ಹಣ ಉಳಿಯುವ ದಾರಿ ನನಗೆ ಕಾಣುವುದಿಲ್ಲ. ತಪ್ಪಿಸಲು ದುಬಾರಿ ಊಟವೇ ಇಲ್ಲದಿದ್ದ ಮೇಲೆ ಉಳಿತಾಯ ಬರುವುದೆಲ್ಲಿಂದ? ಒಬ್ಬರೇ ಅಥವಾ ಇಬ್ಬರೇ ಇರುವ ಮನೆಯ ಲೆಕ್ಕ ಸ್ವಲ್ಪ ಬೇರೆಯಾಗಬಹುದು; ಅಂಗಡಿಯ ಪೊಟ್ಟಣಗಳು ಅವರ ಅಗತ್ಯಕ್ಕಿಂತ ದೊಡ್ಡದಾಗಿದ್ದು ವ್ಯರ್ಥದ ಪಾಲು ಹೆಚ್ಚಿರುತ್ತದೆ, ಆದರೆ ತಲುಪಿಸುವ ಶುಲ್ಕ ಹಂಚಿಹೋಗುವ ತಲೆಗಳೂ ಕಡಿಮೆ.

ಇನ್ನು ಈ ಕುಟುಂಬದ ಸದ್ಯದ ಸ್ಥಿತಿ. ಚಂದಾ ರದ್ದಾಗಿಲ್ಲ, ವಿರಾಮದಲ್ಲಿದೆ. ಗಂಡನ ಕಚೇರಿಯಲ್ಲಿ ವರ್ಷಕ್ಕೆರಡು ಬಾರಿ ಬರುವ ಕೆಲಸದ ಒತ್ತಡದ ತಿಂಗಳುಗಳಲ್ಲಿ ವಾರಕ್ಕೆ ಎರಡು ಊಟಗಳ ಪೆಟ್ಟಿಗೆಯನ್ನು ಮತ್ತೆ ಆರಂಭಿಸುವುದು, ಉಳಿದ ಕಾಲದಲ್ಲಿ ಡಬ್ಬಿಗಳಿಂದ ನಡೆಸುವುದು ಎಂದು ಅವರು ಒಪ್ಪಿಕೊಂಡಿದ್ದಾರೆ. ಒತ್ತಡವಿಲ್ಲದ ತಿಂಗಳಲ್ಲೂ ಹೊರಗಿನ ಊಟ ಐದನ್ನು ದಾಟಿದರೆ ಏನು ಮಾಡಬೇಕು ಎಂಬ ವಿಷಯದಲ್ಲಿ ಮಾತ್ರ ಇಬ್ಬರಲ್ಲಿ ಇನ್ನೂ ಒಮ್ಮತವಿಲ್ಲ: ಪೆಟ್ಟಿಗೆ ತರಿಸೋಣ ಎಂಬುದು ಈಗ ಗಂಡನ ವಾದ, ರಜಾದಿನದ ಡಬ್ಬಿ ತುಂಬುವ ಕೆಲಸವನ್ನು ಇಬ್ಬರೂ ಸರಿಯಾಗಿ ಹಂಚಿಕೊಂಡರೆ ಅದರ ಅಗತ್ಯವೇ ಬೀಳುವುದಿಲ್ಲ ಎಂಬುದು ಹೆಂಡತಿಯದು.